ಸಹಿ ಯಾರದು, ಹೊಣೆ ಯಾರದು?

ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ನಗರದ ಫೆಡರಲ್ ನ್ಯಾಯಾಲಯವು ೨೦೨೫ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಬೋಯಿಂಗ್ ವಿಮಾನ ಕಂಪೆನಿಯ ಮೇಲಿನ ಕ್ರಿಮಿನಲ್ ಖಟ್ಲೆಯನ್ನು ವಜಾ ಮಾಡಿತು. ಎರಡು ವಿಮಾನಗಳು ಬಿದ್ದು ೩೪೬ ಜೀವಗಳು ಹೋದ ಪ್ರಕರಣಕ್ಕೆ ಸಂಬಂಧಿಸಿದ ಖಟ್ಲೆಯಿದು. ಅದನ್ನು ಕೈಬಿಡುವಂತೆ ಸ್ವತಃ ಸರಕಾರವೇ ಕೇಳಿಕೊಂಡಿತ್ತು. ದಂಡ, ಪರಿಹಾರ, ಸುರಕ್ಷತೆಯ ಸುಧಾರಣೆ ಎಲ್ಲವೂ ಸೇರಿ ೧೧೦ ಕೋಟಿ ಡಾಲರಿಗೂ ಮಿಕ್ಕ ಹಣವನ್ನು ತೆರಲು ಇಲ್ಲವೆ ವಿನಿಯೋಗಿಸಲು ಕಂಪೆನಿಯು ಒಪ್ಪಿಕೊಂಡಿತ್ತು. ಇದು ಸಾರ್ವಜನಿಕ ಹಿತಕ್ಕೆ ಸಲ್ಲುವುದೆಂಬ ಸರಕಾರದ ವಾದವನ್ನು ತಾವು ಒಪ್ಪುವುದಿಲ್ಲವೆಂದು ನ್ಯಾಯಾಧೀಶರು ತಮ್ಮ ಆದೇಶದಲ್ಲಿ ಸ್ಪಷ್ಟಪಡಿಸಿದರು. ಆದರೆ ತಡೆಯುವ ಅಧಿಕಾರ ತಮಗಿಲ್ಲವೆಂದೂ ಹೇಳಿ ಕಡತವನ್ನು ಮುಚ್ಚಿದರು.

ಹೋಟೇಲಿನ ಮೇಜು ಒರೆಸಿ, ಇಲ್ಲವೆ ಕಚೇರಿಯ ಕಾಗದ ಬರೆದು ದಿನಗಳೆಯುವ ನಮ್ಮ ವಾಚಕ ಬಾಂಧವರಿಗೆ ಏಳು ಸಮುದ್ರದಾಚೆಯ ಈ ಖಟ್ಲೆಯಿಂದ ಆಗಬೇಕಾದುದೇನೆಂದು ಯಾರಾದರೂ ಕೇಳಬಹುದು. ಆಗಬೇಕಾದುದು ಉಂಟು. ಊರಿನ ಮದುವೆಗೂ ತಂದೆತಾಯಿಗಳ ಕಾಯಿಲೆಗೂ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕುಳಿತು ಹೋಗುತ್ತಿದ್ದವರು ಇಂದು ಕೈಸಾಲ ಮಾಡಿಯಾದರೂ ವಿಮಾನದ ಟಿಕೇಟು ತೆಗೆಸುತ್ತಾರೆ. ಅಂದು ಬಿದ್ದ ವಿಮಾನಗಳ ಮಾದರಿಯೇ, ತಿದ್ದುಪಡಿಯಾದ ಮೇಲೆ, ಇಂದು ಮುಂಬಯಿಯಿಂದಲೂ ಬೆಂಗಳೂರಿನಿಂದಲೂ ಹಾರುತ್ತಿದೆ. ವಿಮಾನ ಬೀಳುವುದೆಂದರೆ ಏನೆಂದು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾದುದಿಲ್ಲ. ೨೦೧೦ನೆಯ ಮೇ ೨೨ರ ಬೆಳಗ್ಗೆ ಮಂಗಳೂರಿನ ಬಜ್ಪೆಯಲ್ಲಿ ೧೫೮ ಮಂದಿ ಸುಟ್ಟುಹೋದುದನ್ನು ಮರೆತ ಮನೆ ಆ ಜಿಲ್ಲೆಯಲ್ಲಿಲ್ಲ. ಅಲ್ಲಿ ವಿಮಾನದ ವಿನ್ಯಾಸದಲ್ಲಿ ದೋಷವಿರಲಿಲ್ಲ. ಇಳಿಯುವ ರೀತಿ ಸರಿಯಿಲ್ಲದಿದ್ದರೂ ಕ್ಯಾಪ್ಟನ್ನರು ಅದನ್ನು ಕೈಬಿಡಲಿಲ್ಲವೆಂದು ತನಿಖೆ ಹೇಳಿತು. ೨೦೨೫ನೆಯ ಜೂನ್ ೧೨ರ ಅಹಮದಾಬಾದಿನ ದುರಂತವೂ ಬೇರೆ ಮಾದರಿಯ ವಿಮಾನದ್ದು. ಅದನ್ನು ಈ ಚರ್ಚೆಗೆ ಎಳೆತರುವುದು ನ್ಯಾಯವಾಗದು. ನಾವಿಲ್ಲಿ ಎತ್ತಿಕೊಂಡಿರುವುದು ವಿಮಾನವು ನೆಲ ಬಿಡುವುದಕ್ಕೂ ವರ್ಷಗಳ ಹಿಂದೆ, ನಕಾಶೆಯ ಹಾಳೆಗಳ ಮೇಲೆ ‘ಇದು ಸುರಕ್ಷಿತ’ ಎಂದು ಬೀಳುವ ಸಹಿಯ ಪ್ರಶ್ನೆಯನ್ನು.

ನಡೆದುದು ಹೀಗೆ. ಬೋಯಿಂಗ್ ೭೩೭ ಎಂಬುದು ೧೯೬೭ರಲ್ಲಿ ಮೊದಲು ಹಾರಿದ ವಿಮಾನ. ೨೦೧೦ರ ಕೊನೆಯಲ್ಲಿ ಯುರೋಪಿನ ಏರ್‌ಬಸ್ ಕಂಪೆನಿಯು ತನ್ನ ಎ-೩೨೦ ವಿಮಾನಕ್ಕೆ ಇಂಧನ ಉಳಿಸುವ ಹೊಸ ಇಂಜಿನು ಜೋಡಿಸುವುದಾಗಿ ಸಾರಿತು. ಗಿರಾಕಿಗಳು ಆ ಕಡೆಗೆ ಸರಿಯತೊಡಗಿದರು. ಬೇರೆಯೇ ವಿಮಾನವನ್ನು ಕಟ್ಟುವಷ್ಟು ವ್ಯವಧಾನ ಬೋಯಿಂಗಿಗೆ ಇರಲಿಲ್ಲ. ೨೦೧೧ರಲ್ಲಿ ಹಳೆಯ ೭೩೭ಕ್ಕೇ ದೊಡ್ಡ ಇಂಜಿನು ಕಟ್ಟುವುದೆಂದು ತೀರ್ಮಾನಿಸಿ ಅದಕ್ಕೆ ಮ್ಯಾಕ್ಸ್ ಎಂದು ಹೆಸರಿಟ್ಟಿತು. ದೊಡ್ಡ ಇಂಜಿನನ್ನು ರೆಕ್ಕೆಯ ಮುಂದಕ್ಕೂ ಮೇಲಕ್ಕೂ ಸರಿಸಬೇಕಾಯಿತು. ಅದರಿಂದ ಕೆಲವು ಸಂದರ್ಭಗಳಲ್ಲಿ ಮೂತಿ ತಾನಾಗಿ ಮೇಲಕ್ಕೇಳುವ ಗುಣ ಬಂತು. ಅದನ್ನು ಅದುಮಲು ಎಮ್‌ಕ್ಯಾಸ್ ಎಂಬ ಕಂಪ್ಯೂಟರಿನ ಏರ್ಪಾಡನ್ನು ಸೇರಿಸಿದರು. ಗಾಳಿಗೆ ವಿಮಾನ ಎಷ್ಟು ಓರೆಯಾಗಿದೆಯೆಂದು ಅಳೆಯುವ ಮಾಪಕಗಳು ಮೂತಿಯ ಎರಡೂ ಮಗ್ಗುಲಿಗಿದ್ದವು. ಆದರೆ ಈ ಏರ್ಪಾಡು ನಂಬುತ್ತಿದ್ದುದು ಅವುಗಳಲ್ಲಿ ಒಂದನ್ನು ಮಾತ್ರ. ಆ ಒಂದು ಮಾಪಕ ಕೆಟ್ಟು ಸುಳ್ಳು ಹೇಳಿದರೆ, ನೆಟ್ಟಗೆ ಹೋಗುತ್ತಿರುವ ವಿಮಾನದ ಮೂತಿಯನ್ನೂ ಅದು ಮತ್ತೆ ಮತ್ತೆ ಕೆಳಕ್ಕೆ ತಳ್ಳುತ್ತಿತ್ತು.

ಸುರಕ್ಷತೆಯ ಲೆಕ್ಕಪತ್ರದಲ್ಲಿ, ಬಾಲದ ಅಡ್ಡರೆಕ್ಕೆಯನ್ನು ಇದು ಒಂದು ಸಲಕ್ಕೆ ೦.೬ ಡಿಗ್ರಿಯಷ್ಟು ತಿರುಗಿಸಬಲ್ಲುದೆಂದು ತೋರಿಸಿದ್ದರು. ಪರೀಕ್ಷಾ ಹಾರಾಟದ ಕಾಲದಲ್ಲಿ ಅದು ೨.೫ ಡಿಗ್ರಿಗೆ ಏರಿತು. ನಾಲ್ಕು ಪಟ್ಟು! ಈ ಬದಲಾವಣೆ ತಿಳಿದಿರಬೇಕಾಗಿದ್ದ ಸರಕಾರೀ ಅಧಿಕಾರಿಗಳಲ್ಲಿ ಅನೇಕರಿಗೆ ಅದು ತಿಳಿಯಲೇ ಇಲ್ಲ. ಇಷ್ಟೇ ಅಲ್ಲ. ವಿಮಾನ ಚಾಲಕರ ಕೈಪಿಡಿಯಿಂದ ಎಮ್‌ಕ್ಯಾಸಿನ ಪ್ರಸ್ತಾಪವನ್ನೇ ತೆಗೆದುಹಾಕಲು ಕಂಪೆನಿಯು ೨೦೧೬ರಲ್ಲಿ ಒಪ್ಪಿಗೆ ಕೇಳಿತು, ಒಪ್ಪಿಗೆ ದೊರೆಯಿತು. ಇದರ ಹಿಂದಿನ ಗಣಿತವನ್ನು ಗಲ್ಲಾದ ಮೇಲೆ ಕುಳಿತ ಯಾರೂ ಬೇಗ ಗ್ರಹಿಸಬಲ್ಲರು. ಹೊಸ ವಿಮಾನವು ಹಳೆಯದರಂತೆಯೇ ಇದೆ, ಚಾಲಕರಿಗೆ ಸಿಮ್ಯುಲೇಟರಿನ ತರಬೇತಿ ಬೇಡ ಎಂದು ಹೇಳಿ ಮಾರಬೇಕಾಗಿತ್ತು. ಆ ತರಬೇತಿ ಬೇಕಾದ ಪಕ್ಷದಲ್ಲಿ ವಿಮಾನವೊಂದಕ್ಕೆ ೧೦ ಲಕ್ಷ ಡಾಲರು ಬಿಟ್ಟುಕೊಡುವುದಾಗಿ ಅಮೆರಿಕದ ಒಂದು ವಿಮಾನ ಸಂಸ್ಥೆಗೆ ಬೋಯಿಂಗ್ ಮಾತು ಕೊಟ್ಟಿತ್ತು.

೨೦೧೭ರ ಮಾರ್ಚಿನಲ್ಲಿ ಸರ್ಟಿಫಿಕೇಟು ಸಿಕ್ಕಿತು. ೨೦೧೮ನೆಯ ಅಕ್ಟೋಬರ್ ೨೯ರಂದು ಇಂಡೋನೇಶಿಯದ ಜಕಾರ್ತದಿಂದ ಎದ್ದ ಲಯನ್ ಏರ್ ವಿಮಾನ ಜಾವಾ ಸಮುದ್ರಕ್ಕೆ ಬಿತ್ತು. ೧೮೯ ಜನ ಹೋದರು. ಅದರ ಕ್ಯಾಪ್ಟನ್ ನಮ್ಮ ದೆಹಲಿಯ ತರುಣ. ತನ್ನ ಕೈಯೊಳಗಿನ ವಿಮಾನದೊಡನೆ ಸೆಣಸುತ್ತಿದ್ದ ಆತನಿಗೆ ಕೊಟ್ಟ ಪುಸ್ತಕದಲ್ಲಿ ಆ ಏರ್ಪಾಡಿನ ವಿವರಣೆಯಿರಲಿಲ್ಲ. ಬಳಿಕ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್.ಎ.ಎ. ತಾನೇ ಒಂದು ಲೆಕ್ಕ ಹಾಕಿತು. ದೋಷವನ್ನು ಸರಿಪಡಿಸದಿದ್ದರೆ ಆ ಮಾದರಿಯ ಆಯುಷ್ಯದಲ್ಲಿ ಇನ್ನೂ ೧೫ರಷ್ಟು ಮಾರಕ ಅಪಘಾತಗಳು ಆಗಬಹುದೆಂದು ಅದರಲ್ಲಿ ಬಂತು. ಹಾಗಿದ್ದೂ ವಿಮಾನಗಳನ್ನು ನಿಲ್ಲಿಸಲಿಲ್ಲ. ಚಾಲಕರಿಗೆ ಸೂಚನೆ ಕೊಟ್ಟು, ತಿದ್ದುಪಡಿ ಬರುವ ತನಕ ಹಾರಲಿ ಎಂದಿತು. ೨೦೧೯ನೆಯ ಮಾರ್ಚ್ ೧೦ರಂದು ಅಡಿಸ್ ಅಬಾಬದಿಂದ ನೈರೋಬಿಗೆ ಹೊರಟ ಇಥಿಯೋಪಿಯನ್ ವಿಮಾನ ಆರೇ ನಿಮಿಷಗಳಲ್ಲಿ ನೆಲಕ್ಕಪ್ಪಳಿಸಿತು. ಸತ್ತ ೧೫೭ ಮಂದಿಯಲ್ಲಿ ನಾಲ್ವರು ಭಾರತೀಯರು. ಮರುದಿನ ಚೀನವೂ, ೧೨ರ ರಾತ್ರಿ ನಮ್ಮ ಸರಕಾರವೂ ಆ ಮಾದರಿಯನ್ನು ನಿಲ್ಲಿಸಿದವು. ಸರ್ಟಿಫಿಕೇಟು ಕೊಟ್ಟ ಅಮೆರಿಕಕ್ಕೆ ಜ್ಞಾನೋದಯವಾದುದು ೧೩ರಂದು.

ಹಾಗಾದರೆ ಆ ಸರ್ಟಿಫಿಕೇಟಿಗೆ ಪರೀಕ್ಷೆ ಮಾಡಿದವರು ಯಾರು? ಬಹುಪಾಲನ್ನು ಮಾಡಿದವರು ಬೋಯಿಂಗಿನ ಇಂಜಿನಿಯರುಗಳೇ. ಅಮೆರಿಕದ ಕಾಯಿದೆಯಂತೆ ಎಫ್.ಎ.ಎ. ತನ್ನ ಕೆಲಸವನ್ನು ಕಂಪೆನಿಯ ನೌಕರರಿಗೇ ವಹಿಸಿಕೊಡಬಹುದು. ಅವರು ಸಂಬಳ ತೆಗೆದುಕೊಳ್ಳುವುದು ಕಂಪೆನಿಯಿಂದ, ಸಹಿ ಹಾಕುವುದು ಸರಕಾರದ ಪರವಾಗಿ. ಹಿಂದೆ ಇಂಥವರಲ್ಲಿ ಅನೇಕರು ಸರಕಾರದ ಇಂಜಿನಿಯರರಿಗೆ ನೇರವಾಗಿ ವರದಿ ಒಪ್ಪಿಸುತ್ತಿದ್ದರು. ೨೦೦೫ರ ನಿಯಮದಿಂದ ಕಂಪೆನಿಯೊಳಗೇ ಇಡೀ ವಿಭಾಗವನ್ನು ಸ್ಥಾಪಿಸಿ, ಅಲ್ಲಿ ಯಾರಿರಬೇಕೆಂಬುದನ್ನೂ ಕಂಪೆನಿಯೇ ಆರಿಸುವ ಪದ್ಧತಿ ಬಂತು.

ಹೋಟೇಲಿನ ಭಾಷೆಯಲ್ಲಿ ಹೇಳೋಣ, ನಮಗೆ ಬರುವ ಭಾಷೆ ಅದೇ ತಾನೆ. ಮುನಿಸಿಪಾಲಿಟಿಯ ಆರೋಗ್ಯಾಧಿಕಾರಿ ಅಡಿಗೆಮನೆಗೆ ಬರಲು ಪುರುಸೊತ್ತಿಲ್ಲವೆಂದು, ‘ನಿಮ್ಮ ಭಟ್ಟರೇ ನೋಡಿ ಸಹಿ ಹಾಕಲಿ, ನಾನು ಮೊಹರು ಒತ್ತುತ್ತೇನೆ’ ಎಂದರೆ ಹೇಗಾದೀತು? ಭಟ್ಟರು ಕೆಟ್ಟವರೆಂದಲ್ಲ. ಸಾರಿನ ಹದ, ಎಣ್ಣೆಯ ವಯಸ್ಸು, ಒಲೆಯ ಕೊಳವೆ ಎಲ್ಲಿ ಸೋರುತ್ತದೆಂಬುದು ಅಧಿಕಾರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೆ ನಾಳೆ ಹೊಸ ಶಾಖೆ ತೆರೆಯಲು ಸಾಹುಕಾರರು ಮುಹೂರ್ತ ಇಟ್ಟಿರುವಾಗ, ‘ಈ ಕೊಳವೆ ಸರಿಯಿಲ್ಲ, ನಾನು ಸಹಿ ಹಾಕಲಾರೆ’ ಎನ್ನುವ ಭಟ್ಟರಿಗೆ ತಿಂಗಳ ಕೊನೆಯಲ್ಲಿ ಸಂಬಳ ಎಣಿಸಿಕೊಡುವವರು ಯಾರು? ಇನ್ನು, ಸಣ್ಣ ಒಲೆಗೆಂದು ಒಪ್ಪಿಗೆ ಪಡೆದು, ಆಮೇಲೆ ಅದೇ ಜಾಗದಲ್ಲಿ ನಾಲ್ಕು ಪಟ್ಟು ದೊಡ್ಡ ಒಲೆ ಇಟ್ಟರೆ ಹಳೆಯ ಕಾಗದಕ್ಕೆ ಅರ್ಥವೇನು ಉಳಿಯಿತು? ೨೦೧೭ರ ಡಿಸೆಂಬರಿನಲ್ಲಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ಬೆಂಕಿಯಲ್ಲಿ ೧೪ ಜನ ಸತ್ತಾಗ ಈ ಊರು ಕೇಳಿದ ಮೊದಲ ಪ್ರಶ್ನೆಯೂ ಒಪ್ಪಿಗೆಯ ಕಾಗದದ್ದೇ ಆಗಿತ್ತು.

ಇದು ಊಹೆಯ ಭಯವಲ್ಲ. ಬೋಯಿಂಗಿನೊಳಗೇ ೨೦೧೬ರಲ್ಲಿ ಒಂದು ವಿಚಾರಣೆ ನಡೆದಿತ್ತು. ಸರಕಾರದ ಪರವಾಗಿ ಸಹಿ ಹಾಕುವ ನೌಕರರಲ್ಲಿ ಉತ್ತರ ಕೊಟ್ಟವರ ಪೈಕಿ ನೂರಕ್ಕೆ ೩೯ ಮಂದಿ ಅನುಚಿತ ಒತ್ತಡವಿದೆಯೆಂದರು. ಒತ್ತಡವನ್ನು ವರದಿ ಮಾಡಿದರೆ ತಮಗೇನಾದೀತೋ ಎಂಬ ಚಿಂತೆ ನೂರಕ್ಕೆ ೨೯ ಮಂದಿಗಿತ್ತು. ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯು ೨೦೨೦ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಅಂಕಿಗಳಿವೆ. ವಿಮಾನ ಬೀಳುವ ಎರಡು ವರ್ಷ ಮೊದಲೇ ಕಂಪೆನಿಗೆ ತನ್ನ ಮನೆಯ ಹೊಗೆ ತಿಳಿದಿತ್ತು.

ಇದೆಲ್ಲ ಹೊಸ ಕಾಲದ ಕಂಪ್ಯೂಟರಿನ ಅವಾಂತರವೆಂದು ಭಾವಿಸುವವರು ಅರ್ಧ ಶತಮಾನದ ಹಿಂದಿನ ಇನ್ನೊಂದು ಪ್ರಕರಣವನ್ನು ನೋಡಬೇಕು. ಅದರಲ್ಲಿ ಕಂಪ್ಯೂಟರಿಲ್ಲ, ಇರುವುದು ಒಂದು ಬಾಗಿಲು. ೧೯೭೨ನೆಯ ಜೂನ್ ೧೨ರಂದು ಮೆಕ್‌ಡೊನೆಲ್ ಡಗ್ಲಸ್ ಕಂಪೆನಿಯ ಡಿ.ಸಿ.-೧೦ ವಿಮಾನವೊಂದು ಕೆನಡದ ವಿಂಡ್ಸರ್ ನಗರದ ಮೇಲೆ ಹಾರುತ್ತಿರುವಾಗ ಅದರ ಹಿಂಭಾಗದ ಸಾಮಾನಿನ ಬಾಗಿಲು ಕಿತ್ತುಹೋಯಿತು. ಹೊರಗಿನ ಹಿಡಿ ಕೆಳಗಿಳಿದು ಮುಚ್ಚಿದಂತೆ ಕಂಡರೂ ಒಳಗಿನ ಕೊಂಡಿಗಳು ಪೂರ್ತಿ ಕೂರದಿರಬಹುದಾದ ವಿನ್ಯಾಸವದು. ಸಾಮಾನಿನ ಕೋಣೆಯ ಗಾಳಿ ಹೊರನುಗ್ಗಿದೊಡನೆ ಮೇಲಿನ ಪ್ರಯಾಣಿಕರ ನೆಲ ಕುಸಿಯಿತು. ಚಾಲಕನ ಹಿಡಿತದ ತಂತಿಗಳು ಹಾದುಹೋಗುವುದು ಆ ನೆಲದ ಅಡಿಯಲ್ಲೇ. ಕ್ಯಾಪ್ಟನ್ನರ ಚಾತುರ್ಯದಿಂದ ಅಂದು ಎಲ್ಲರೂ ಬದುಕಿದರು. ಕಡ್ಡಾಯದ ಆದೇಶ ಹೊರಡಿಸಬೇಕಾಗಿದ್ದ ಎಫ್.ಎ.ಎ. ಮುಖ್ಯಸ್ಥರು ಕಂಪೆನಿಯ ವಿಮಾನ ವಿಭಾಗದ ಅಧ್ಯಕ್ಷರೊಡನೆ ಟೆಲಿಫೋನಿನಲ್ಲಿ ಮಾತನಾಡಿ, ದೊಡ್ಡಮನುಷ್ಯರೊಳಗಿನ ಒಪ್ಪಂದವೆಂಬಂತೆ, ಕಂಪೆನಿಯೇ ಸಲಹೆಯ ಪತ್ರ ಕಳುಹಿಸಿ ಸರಿಪಡಿಸಲಿ ಎಂದು ಬಿಟ್ಟುಕೊಟ್ಟರು. ಅದೇ ತಿಂಗಳ ಕೊನೆಯಲ್ಲಿ, ವಿಮಾನದ ಒಡಲನ್ನು ತಯಾರಿಸುತ್ತಿದ್ದ ಕಾನ್‌ವೇರ್ ಸಂಸ್ಥೆಯ ಇಂಜಿನಿಯರೊಬ್ಬರು, ಮುಂದೆ ಈ ಬಾಗಿಲುಗಳು ತೆರೆದುಕೊಳ್ಳುವುದು ಖಂಡಿತವೆಂದು ತಮ್ಮ ಮೇಲಧಿಕಾರಿಗಳಿಗೆ ಬರೆದರು. ದುರಸ್ತಿಯ ಖರ್ಚು ಯಾವ ಕಂಪೆನಿಯ ತಲೆಗೆ ಬೀಳುವುದೆಂಬ ಚರ್ಚೆಯಲ್ಲಿ ಆ ಪತ್ರ ಕಪಾಟು ಸೇರಿತು.

೧೯೭೪ನೆಯ ಮಾರ್ಚ್ ೩ರಂದು ಟರ್ಕಿಯ ಡಿ.ಸಿ.-೧೦ ವಿಮಾನ ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೊರಟು ಎರ್ಮೆನೊನ್‌ವಿಲ್ ಎಂಬ ಕಾಡಿನಲ್ಲಿ ಚೂರಾಯಿತು. ಅದೇ ಬಾಗಿಲು. ಸತ್ತವರು ೩೪೬. ಮ್ಯಾಕ್ಸ್ ವಿಮಾನಗಳೆರಡರಲ್ಲಿ ಸತ್ತವರ ಮೊತ್ತವೂ ಅಷ್ಟೇ ಎಂಬುದು ಕಾಕತಾಳೀಯವಿರಬಹುದು, ಆದರೂ ಓದುವಾಗ ಎದೆ ಝಲ್ಲೆನ್ನುತ್ತದೆ. ಆ ವಿಮಾನದ ಬಾಗಿಲಿಗೆ ಮಾರ್ಪಾಟು ಮಾಡಿ ಮುಗಿಸಲಾಗಿದೆಯೆಂದು ಕಾರ್ಖಾನೆಯ ದಾಖಲೆಯಲ್ಲಿ ಪರೀಕ್ಷಕರ ಮೊಹರುಗಳಿದ್ದವು. ಬಾಗಿಲಿನಲ್ಲಿ ಮಾರ್ಪಾಟು ಪೂರ್ತಿ ಆಗಿರಲಿಲ್ಲ. ಕಡತದಲ್ಲಿ ಆದ ಕೆಲಸವು ನೆಲದ ಮೇಲೆ ಆಗಿರುವುದಿಲ್ಲವೆಂಬುದನ್ನು ನಮ್ಮ ಗುಮಾಸ್ತ ಬಾಂಧವರಿಗೆ ವಿವರಿಸುವ ಅಗತ್ಯವಿಲ್ಲ. ನಮ್ಮನ್ನು ಹೆಚ್ಚು ನೋಯಿಸುವುದು ಇನ್ನೊಂದು ಸಂಗತಿ. ಆ ಬಾಗಿಲನ್ನು ಕೊನೆಯದಾಗಿ ಮುಚ್ಚಿದವನು ಪ್ಯಾರಿಸ್ಸಿನಲ್ಲಿ ಸಾಮಾನು ಹೇರುವ ಕೂಲಿಯಾಳು. ಅಲ್ಜೀರಿಯದಿಂದ ಹೊಟ್ಟೆಪಾಡಿಗೆ ಬಂದವನು, ನಮ್ಮ ಹಾಗೆ. ಬಾಗಿಲಿನ ಮೇಲಿನ ಸೂಚನೆಗಳಿದ್ದುದು ಇಂಗ್ಲಿಷಿನಲ್ಲಿಯೂ ಟರ್ಕಿಯ ಭಾಷೆಯಲ್ಲಿಯೂ. ಅವನಿಗೆ ಆ ಎರಡೂ ಬರುತ್ತಿರಲಿಲ್ಲ. ಹೇಳಿಕೊಟ್ಟಂತೆ ಹಿಡಿಯನ್ನು ಇಳಿಸಿದ, ಅದು ಇಳಿಯಿತು. ದುರಂತವಾದ ಬಳಿಕ ಕಂಪೆನಿಯ ಕಡೆಯಿಂದ ಬೆರಳು ತಿರುಗಿದುದು ಅವನ ಕಡೆಗೆ. ಓದುಬರಹವಿಲ್ಲದ ಕೂಲಿಯೊಬ್ಬ ಬಾಗಿಲು ಸರಿಯಾಗಿ ಹಾಕಲಿಲ್ಲವಂತೆ! ಬಾಗಿಲಿನ ನಕಾಶೆ ಬರೆದವರೂ, ಒಪ್ಪಿದವರೂ, ಟೆಲಿಫೋನಿನಲ್ಲಿ ಮಾತಾಡಿಕೊಂಡವರೂ ಆ ಮಾತಿನಲ್ಲಿ ಎಲ್ಲಿಯೂ ಇಲ್ಲ.

ಮ್ಯಾಕ್ಸ್ ಪ್ರಕರಣದಲ್ಲಿ ಏನಾಯಿತೆಂದು ಇದರ ಪಕ್ಕದಲ್ಲಿಟ್ಟು ನೋಡಬೇಕು. ೩೪೬ ಸಾವುಗಳಿಗೆ ಸಂಬಂಧಿಸಿ ಅಮೆರಿಕದಲ್ಲಿ ಕ್ರಿಮಿನಲ್ ಕಟಕಟೆ ಹತ್ತಿದ ವ್ಯಕ್ತಿ ಒಬ್ಬನೇ. ಆತ ಕಂಪೆನಿಯ ಮುಖ್ಯ ತಾಂತ್ರಿಕ ಚಾಲಕನಾಗಿದ್ದವನು, ನಡುಮಟ್ಟದ ನೌಕರ. ಅಧಿಕಾರಿಗಳನ್ನು ವಂಚಿಸಿದನೆಂಬುದು ಆರೋಪ. ತನ್ನನ್ನು ಬಲಿಪಶು ಮಾಡಲಾಗುತ್ತಿದೆಯೆಂಬುದು ಆತನ ವಾದ. ೨೦೨೨ರ ಮಾರ್ಚಿನಲ್ಲಿ ಜ್ಯೂರಿಯು ಆತನನ್ನು ನಿರ್ದೋಷಿಯೆಂದು ಬಿಟ್ಟಿತು. ೨೦೧೯ರ ಡಿಸೆಂಬರಿನಲ್ಲಿ ಹುದ್ದೆ ಕಳೆದುಕೊಂಡ ಕಂಪೆನಿಯ ಮುಖ್ಯಾಧಿಕಾರಿ ಮನೆಗೆ ಒಯ್ದುದು ಪಿಂಚಣಿ, ಶೇರು ಎಲ್ಲ ಸೇರಿ ಸುಮಾರು ೬ ಕೋಟಿ ೨೦ ಲಕ್ಷ ಡಾಲರು. ಹಣದ ಮಟ್ಟಿಗೆ ನ್ಯಾಯ ಸಿಕ್ಕಿಲ್ಲವೆನ್ನಲಾಗದು. ಇಥಿಯೋಪಿಯನ್ ವಿಮಾನದಲ್ಲಿ ಮಡಿದ ನಮ್ಮ ದೇಶದ ತರುಣಿಯೊಬ್ಬಳ ಕುಟುಂಬಕ್ಕೆ ೨ ಕೋಟಿ ೮೦ ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರವನ್ನು ೨೦೨೫ರ ನವೆಂಬರಿನಲ್ಲಿಯೇ ಶಿಕಾಗೋದ ಜ್ಯೂರಿ ಗೊತ್ತುಮಾಡಿತು. ಕಂಪೆನಿಯ ತಿಜೋರಿಯಿಂದ ಹೋಗುವ ಹಣಕ್ಕೂ ಸಹಿ ಹಾಕಿದ ಕೈಗೂ ಇರುವ ದೂರ ಮಾತ್ರ ಹಾಗೆಯೇ ಉಳಿಯಿತು.

ಕಂಪೆನಿಯವರಿಂದ ಪರೀಕ್ಷೆ ಮಾಡಿಸುವುದೇ ತಪ್ಪು, ಎಲ್ಲವನ್ನೂ ಸರಕಾರವೇ ಮಾಡಲಿ ಎಂದು ಕೆಲವರು ವಾದಿಸುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಲಕ್ಷಾಂತರ ಬಿಡಿಭಾಗಗಳ ಯಂತ್ರವನ್ನು ತಿರುಪು ತಿರುಪಾಗಿ ಪರೀಕ್ಷಿಸುವಷ್ಟು ಇಂಜಿನಿಯರರನ್ನು ಯಾವ ಸರಕಾರವೂ ಸಾಕಲಾರದು. ಸಾಕಿದರೂ ಆ ವಿಮಾನವನ್ನು ದಿನವೂ ಮುಟ್ಟುವವನಿಗಿರುವ ಅರಿವು ಅವರಿಗಿರದು. ಭಟ್ಟರು ರುಚಿ ನೋಡಲೇಬೇಕು. ಕೇಳಬೇಕಾದುದು ಬೇರೆ. ರುಚಿ ನೋಡಿ ‘ಕೆಟ್ಟಿದೆ’ ಎಂದವನ ನೌಕರಿಯನ್ನು ಕಾಯುವವರಾರು? ಒಪ್ಪಿಗೆ ಸಿಕ್ಕಿದ ಮೇಲೆ ಆದ ಬದಲಾವಣೆ ಮತ್ತೆ ಪರೀಕ್ಷಕನ ಮೇಜಿಗೆ ಬರುವಂತೆ ಮಾಡುವವರಾರು? ಬರದಿದ್ದರೆ, ಅದನ್ನು ತಡೆಹಿಡಿದ ಮೇಲಧಿಕಾರಿಯ ಹೆಸರು ಕಡತದಲ್ಲಿ ಸಿಗುವುದೇ? ೨೦೨೦ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಮಾಡಿದ ಹೊಸ ಕಾಯಿದೆ ಈ ದಿಕ್ಕಿನಲ್ಲಿ ಸ್ವಲ್ಪ ದೂರ ಹೋಗಿದೆ. ಕಂಪೆನಿಯೊಳಗಿನ ಸಹಿಗಾರರಿಗೆ ಎಫ್.ಎ.ಎ. ಒಪ್ಪಿಗೆ ಬೇಕು, ಅವರ ಕೆಲಸದಲ್ಲಿ ಕೈಹಾಕುವ ಮೇಲಧಿಕಾರಿಗೆ ದಂಡ ಬೀಳಬಹುದು, ಮುಖ್ಯ ಸುರಕ್ಷಾ ಮಾಹಿತಿಯನ್ನು ಮರೆಮಾಚಕೂಡದು, ದೋಷ ಬಯಲು ಮಾಡಿದ ನೌಕರನಿಗೆ ರಕ್ಷಣೆಯುಂಟು. ಕಾಯಿದೆ ಸರಿಯೇ. ಆದರೆ ೨೦೨೪ನೆಯ ಜನವರಿ ೫ರಂದು ಅಲಾಸ್ಕ ಏರ್‌ಲೈನ್ಸಿನ ಹೊಚ್ಚ ಹೊಸ ಮ್ಯಾಕ್ಸ್ ವಿಮಾನದ ಮಗ್ಗುಲಿನ ಮುಚ್ಚಳವೊಂದು ಆಕಾಶದಲ್ಲಿ ಹಾರಿಹೋಯಿತು. ಅದನ್ನು ಹಿಡಿದಿರಬೇಕಾಗಿದ್ದ ನಾಲ್ಕು ಬೋಲ್ಟುಗಳನ್ನು ಕಾರ್ಖಾನೆಯಲ್ಲಿ ಹಾಕಿಯೇ ಇರಲಿಲ್ಲ. ಆ ಮುಚ್ಚಳವನ್ನು ಬಿಚ್ಚಿದ ಬಗ್ಗೆ ಬರೆದಿಡಬೇಕಾಗಿದ್ದ ಕಾಗದವೇ ಇರಲಿಲ್ಲ. ಹೀಗಿದ್ದೂ ೨೦೨೫ರ ಸೆಪ್ಟೆಂಬರಿನಲ್ಲಿ, ತಯಾರಾದ ವಿಮಾನಗಳಿಗೆ ಕೊನೆಯ ಯೋಗ್ಯತಾ ಪತ್ರ ಕೊಡುವ ಅಧಿಕಾರವನ್ನು ವಾರ ಬಿಟ್ಟು ವಾರ ಮತ್ತೆ ಬೋಯಿಂಗಿಗೆ ಕೊಡುವುದೆಂದು ಎಫ್.ಎ.ಎ. ಸಾರಿತು.

ನಮ್ಮ ದೇಶದ ಸ್ಥಿತಿಯೇನು? ನಾವು ಹೆಚ್ಚಾಗಿ ಹೊರಗಿನ ವಿಮಾನಗಳನ್ನು ಕೊಳ್ಳುವವರು. ತಯಾರಿಸಿದ ದೇಶ ಕೊಟ್ಟ ಸರ್ಟಿಫಿಕೇಟನ್ನು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಪರಿಶೀಲಿಸಿ ಮಾನ್ಯ ಮಾಡುತ್ತದೆ. ಪರಿಶೀಲನೆ ಎಷ್ಟು ಆಳವಾದುದೆಂಬುದು ಅಲ್ಲಿರುವ ಜನಬಲವನ್ನು ಅವಲಂಬಿಸಿದೆ. ಆ ಕಚೇರಿಯಲ್ಲಿ ಮಂಜೂರಾದ ಹುದ್ದೆಗಳಲ್ಲಿ ಅರ್ಧದಷ್ಟು ಖಾಲಿಯೆಂದು ೨೦೨೫ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯೇ ಆಕ್ಷೇಪಿಸಿತು. ೧೯೩೪ರ ಕಾಯಿದೆಯ ಸ್ಥಾನದಲ್ಲಿ ಬಂದ ಭಾರತೀಯ ವಾಯುಯಾನ ಅಧಿನಿಯಮ ೨೦೨೫ರ ಜನವರಿ ಒಂದರಿಂದ ಜಾರಿಗೆ ಬಂದಿದೆ. ವಿಮಾನದ ವಿನ್ಯಾಸದ ಮೇಲೂ ಸರಕಾರಕ್ಕೆ ಅದು ಅಧಿಕಾರ ಕೊಡುತ್ತದೆ. ಅಧಿಕಾರವಿದ್ದು ಕುರ್ಚಿಯಲ್ಲಿ ಜನವಿಲ್ಲದಿದ್ದರೆ ಬಂದ ಕಾಗದಕ್ಕೆ ಮೊಹರು ಒತ್ತುವುದೊಂದೇ ಕೆಲಸವಾಗಿ ಉಳಿದೀತು.

ಬೆಂಗಳೂರಿನ ಕಡೆಗೂ ಒಂದು ಮಾತು. ನಮ್ಮ ಸೇನೆಯ ವಿಮಾನ, ಹೆಲಿಕಾಪ್ಟರುಗಳ ವಿನ್ಯಾಸಕ್ಕೆ ಯೋಗ್ಯತೆಯ ಒಪ್ಪಿಗೆ ಕೊಡುವ ಸೆಮಿಲಾಕ್ ಸಂಸ್ಥೆ ಇರುವುದು ಅಲ್ಲಿಯೇ. ಅದು ರಕ್ಷಣಾ ಸಂಶೋಧನೆಯ ಡಿ.ಆರ್.ಡಿ.ಒ. ಸಂಘಟನೆಯ ಅಂಗ. ವಿಮಾನಗಳನ್ನೂ ಅವುಗಳ ಉಪಕರಣಗಳನ್ನೂ ರೂಪಿಸುವ ಪ್ರಯೋಗಾಲಯಗಳೂ ಅದೇ ಡಿ.ಆರ್.ಡಿ.ಒ.ದ ಕೆಳಗಿವೆ. ಅಲ್ಲಿನ ಇಂಜಿನಿಯರರ ಯೋಗ್ಯತೆಯನ್ನಾಗಲಿ ಪ್ರಾಮಾಣಿಕತೆಯನ್ನಾಗಲಿ ನಾವು ಶಂಕಿಸುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ನಮ್ಮೂರ ಮಕ್ಕಳು. ಆದರೆ ಕಟ್ಟುವವನಿಗೂ ಪರೀಕ್ಷಿಸುವವನಿಗೂ ಯಜಮಾನ ಒಬ್ಬನೇ ಆಗಿರುವ ಏರ್ಪಾಡು ಅಮೆರಿಕದಲ್ಲಿ ತಪ್ಪಾದರೆ ಬೆಂಗಳೂರಿನಲ್ಲಿ ಹೇಗೆ ಸರಿಯಾದೀತು? ೨೦೨೫ನೆಯ ಜನವರಿ ೫ರಂದು ಪೋರಬಂದರದಲ್ಲಿ ತಟರಕ್ಷಣಾ ದಳದ ಧ್ರುವ ಹೆಲಿಕಾಪ್ಟರು ಬಿದ್ದು ಮೂವರು ಮಡಿದರು. ದೇಶದ ಧ್ರುವಗಳೆಲ್ಲವನ್ನೂ ತಿಂಗಳುಗಟ್ಟಲೆ ನಿಲ್ಲಿಸಬೇಕಾಯಿತು. ಧ್ರುವವನ್ನು ರೂಪಿಸಿದ ಹಿಂದುಸ್ತಾನ್ ಏರೋನಾಟಿಕ್ಸ್ ಬೇರೆ ಸಂಸ್ಥೆಯೆಂಬುದು ನಿಜ. ಆದರೂ ಅದರ ದೋಷವನ್ನು ಶೋಧಿಸುವವರ ವರದಿಯು ಒಪ್ಪಿಗೆ ಕೊಟ್ಟವರ ಕೈಗೇ ಮರಳಿ ಹೋಗದೆ, ಸ್ವತಂತ್ರ ಮಂಡಲಿಯೊಂದರ ಮುಂದೆ ಬರಬೇಕೆಂದು ನಾವು ಬಯಸುತ್ತೇವೆ.

ಮ್ಯಾಕ್ಸ್ ವಿಮಾನವು ಇಂದು ಹಿಂದಿನಂತಿಲ್ಲವೆಂಬುದನ್ನೂ ಹೇಳಬೇಕು. ಈಗ ಎರಡು ಮಾಪಕಗಳನ್ನೂ ಹೋಲಿಸಿ ನೋಡುತ್ತದೆ, ಮತ್ತೆ ಮತ್ತೆ ಮೂತಿ ಒತ್ತುವುದಿಲ್ಲ, ಚಾಲಕರಿಗೆ ಸಿಮ್ಯುಲೇಟರ್ ತರಬೇತಿಯೂ ಕಡ್ಡಾಯ. ವಾಚಕರು ಹೆದರಿ ಟಿಕೇಟು ರದ್ದು ಮಾಡಬೇಕಾದ ಕಾರಣವಿಲ್ಲ. ೨೦೨೧ನೆಯ ಆಗಸ್ಟ್ ೨೬ರಂದು ನಮ್ಮ ಮಹಾನಿರ್ದೇಶನಾಲಯವು ಆ ಮಾದರಿಯ ಮೇಲಿನ ತಡೆಯನ್ನು ತೆಗೆಯಿತು. ಆ ತೀರ್ಮಾನಕ್ಕೆ ಆಧಾರವಾದ ತಾಂತ್ರಿಕ ಪರಿಶೀಲನೆಯಲ್ಲಿ ಅಮೆರಿಕದ ಕಾಗದವನ್ನು ನಂಬಿದ ಭಾಗವೆಷ್ಟು, ನಮ್ಮವರು ಕೈಯಾರೆ ನೋಡಿದ ಭಾಗವೆಷ್ಟು, ಪ್ರತಿಯೊಂದು ಭಾಗಕ್ಕೂ ಯಾವ ಹುದ್ದೆಯ ಅಧಿಕಾರಿ ಸಹಿ ಹಾಕಿದರು? ಮುಂಬಯಿಯ ಸಂಸತ್ಸದಸ್ಯರೂ ಕರ್ನಾಟಕದ ಸದಸ್ಯರೂ ಸೇರಿ ಈ ಕಾಗದಗಳನ್ನು ಲೋಕಸಭೆಯ ಮುಂದಿಡುವಂತೆ ಮಂತ್ರಿಗಳನ್ನು ಕೇಳಬೇಕು. ನಮ್ಮ ಸಂಘಗಳ ಸಮಾರಂಭಗಳಿಗೆ ಹಾರ ಹಾಕಿಸಿಕೊಳ್ಳಲು ಅವರು ಬಂದಾಗ, ಭಾಷಣ ಮುಗಿದು ಕಾಫಿಗೆ ಕುಳಿತಾಗಲಾದರೂ ಈ ಪ್ರಶ್ನೆಯನ್ನು ಅವರ ಕಿವಿಗೆ ಹಾಕಿರೆಂದು ವಾಚಕರಲ್ಲಿ ವಿನಂತಿ.